ಸಕ್ಕರೆಯ ಆನೆಗೆ ಸೊಂಡಿಲು

ಪಂಚಾಂಗದ ಲೆಕ್ಕದಲ್ಲಿ ಸಂಕ್ರಾಂತಿ ಬರುವುದು ಜನವರಿ 14ಕ್ಕೋ 15ಕ್ಕೋ. ನಮ್ಮ ಮನೆಗೆ ಮಾತ್ರ ಅದು ಡಿಸೆಂಬರ್ ಕೊನೆಯ ಒಂದು ಮಧ್ಯಾಹ್ನ, ಊಟ ಮುಗಿದು ಪಾತ್ರೆ ತೊಳೆದು ಕವುಚಿಟ್ಟ ಮೇಲೆ, ಅಡಕತ್ತರಿಯ ಸದ್ದಿನ ಜೊತೆ ಬಂದುಬಿಡುತ್ತದೆ. ಅತ್ತೆ ನಡುಮನೆಯಲ್ಲಿ ಹಳೇ ಪಂಚೆ ಹಾಸಿ, ಕಾಲು ನೀಡಿ ಕೂತು, ಮೊದಲ ಕೊಬ್ಬರಿ ಗಿಟುಕನ್ನು ಕೈಗೆ ತೆಗೆದುಕೊಂಡರೆಂದರೆ ಮುಗಿಯಿತು. ಪೇಪರು ಓದುತ್ತಿದ್ದವರು ಪೇಪರಿನ ಸಮೇತ ಅಲ್ಲಿಗೆ ಬರುತ್ತಾರೆ. ಮಲಗುತ್ತೇನೆಂದು ಒಳಗೆ ಹೋದವರು ದಿಂಬು ಹಿಡಿದುಕೊಂಡೇ ವಾಪಸಾಗುತ್ತಾರೆ. ಯಾರೂ ಯಾರನ್ನೂ ಕರೆದಿರುವುದಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಪಂಚೆಯ ಸುತ್ತ ಜಾಗವಿರುವುದಿಲ್ಲ.

ಕೊಬ್ಬರಿ ತಿಪಟೂರಿನದೇ ಆಗಬೇಕು. ಇದು ನಮ್ಮ ಕಡೆಯ ಹಟ, ಈ ಹಟಕ್ಕೆ ಕಾರಣವೂ ಇದೆ. ಅಲ್ಲಿ ಬಲಿತ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹಾಕಿ, ಹೆಚ್ಚುಕಡಿಮೆ ವರ್ಷದ ಹತ್ತಿರ ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ. ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎಂದು ಉರುಳುವಾಗ ಅದು ಉಂಡೆ ಕೊಬ್ಬರಿ. ಒಡೆದು ಬಿಸಿಲಿಗೆ ಹಾಕಿ ಬಲವಂತವಾಗಿ ಒಣಗಿಸಿದ್ದಕ್ಕೆ ಆ ಎಣ್ಣೆಯ ನಯ, ಆ ಸಿಹಿ ಬರುವುದಿಲ್ಲ. ಗಿಟುಕಿನ ಬೆನ್ನಿನ ಕಂದು ಸಿಪ್ಪೆಯನ್ನು ಮೊದಲು ತೆಳ್ಳಗೆ ಹೆರೆದು ತೆಗೆಯಬೇಕು, ಇಲ್ಲದಿದ್ದರೆ ಎಳ್ಳಿನ ಬಿಳುಪು ಕೆಡುತ್ತದೆ. ಹೆರೆದ ಸಿಪ್ಪೆ ಚಟ್ನಿಪುಡಿಗೆ ಹೋಗುತ್ತದೆ. ಆಮೇಲೆ ಉದ್ದಕ್ಕೆ ಸೀಳು, ಅಡ್ಡಕ್ಕೆ ಚೂರು. ಚೂರು ಎಷ್ಟು ಸಣ್ಣದಿರಬೇಕೆಂದರೆ, ಒಂದು ಚಿಟಿಕೆ ಎಳ್ಳು ಬಾಯಿಗೆ ಹಾಕಿಕೊಂಡಾಗ ಕೊಬ್ಬರಿ, ಬೆಲ್ಲ, ಕಡಲೆ, ಎಳ್ಳು ನಾಲ್ಕೂ ಒಟ್ಟಿಗೆ ನಾಲಿಗೆಗೆ ಸಿಗಬೇಕು. ಅತ್ತೆಯ ಪ್ರಮಾಣ ಅದು. ನನಗೆ ಅದಕ್ಕಿಂತ ಒಳ್ಳೆಯ ಪ್ರಮಾಣ ಇನ್ನೂ ಸಿಕ್ಕಿಲ್ಲ.

ಬೆಲ್ಲ ಹೆಚ್ಚುವುದು ಇನ್ನೊಂದು ಕಸುಬು. ಮೆತ್ತಗಿನ ಹೊಸ ಬೆಲ್ಲ ಕತ್ತಿಗೆ ಅಂಟುತ್ತದೆ, ತೀರಾ ಹಳೆಯದು ಪುಡಿಯಾಗುತ್ತದೆ. ನಡುವಿನ ಹದದ ಮಂಡ್ಯದ ಅಚ್ಚುಬೆಲ್ಲ ಹುಡುಕಬೇಕು. ನೋಡಲು ಚೆಂದವೆಂದು ಹೈಡ್ರೋಸ್ ಹಾಕಿ ಬೆಳ್ಳಗೆ ಮಾಡಿದ್ದನ್ನು ನಾನಂತೂ ಮನೆಗೆ ತರುವುದಿಲ್ಲ. ಕಪ್ಪಾದರೂ ಸರಿ, ಕಬ್ಬಿನ ಹಾಲಿನ ವಾಸನೆ ಇರಬೇಕು. ಹೆಚ್ಚಿದ ಚೂರುಗಳನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟರೆ ಮೇಲ್ಮೈ ಗರುಕಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಕಡಲೆಕಾಯಿ ಬೀಜ ಹುರಿದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರುವಾಗ ಕೆಂಪು ಹೊಟ್ಟು ಜಗಲಿಯ ತುಂಬ ಹಾರುತ್ತದೆ. ಬೇಳೆಯಾಗಿ ಒಡೆಯುವುದು ಮಕ್ಕಳ ಪಾಲಿನ ಕೆಲಸ. ಒಡೆದದ್ದರಲ್ಲಿ ಎಷ್ಟು ಡಬ್ಬಕ್ಕೆ ಬಂತು, ಎಷ್ಟು ಬಾಯಿಗೆ ಹೋಯಿತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಎಳ್ಳನ್ನು ಮಾತ್ರ ಕೊನೆಗೆ, ಸಣ್ಣ ಉರಿಯಲ್ಲಿ, ದೊಡ್ಡವರೇ ಹುರಿಯಬೇಕು. ಎಳ್ಳಿನ ತೂಕದಲ್ಲಿ ಸುಮಾರು ಅರ್ಧ ಎಣ್ಣೆಯೇ. ಚಟಪಟ ಸಿಡಿಯಲು ಶುರುವಾದೊಡನೆ ಇಳಿಸದಿದ್ದರೆ ಕಹಿ ಹತ್ತುತ್ತದೆ. ಇವೆಲ್ಲ ಬೇರೆ ಬೇರೆ ಡಬ್ಬಗಳಲ್ಲಿ ಕಾಯುತ್ತವೆ. ಬೆರೆಸುವುದು ಹಬ್ಬದ ಹಿಂದಿನ ದಿನ, ಇಲ್ಲವಾದರೆ ಬೆಲ್ಲ ನೀರೊಡೆದು ಎಲ್ಲವನ್ನೂ ಮೆತ್ತಗೆ ಮಾಡುತ್ತದೆ.

ಇನ್ನು ಸಕ್ಕರೆ ಅಚ್ಚು. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಇದರಷ್ಟು ಸೊಗಸಾದ ಕೆಲಸ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ನಮ್ಮಲ್ಲಿರುವ ತೇಗದ ಅಚ್ಚುಗಳು ಅತ್ತೆಯ ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದವು. ಎರಡು ಭಾಗ, ಕೆಲವಕ್ಕೆ ಮೂರು. ಒಳಗೆ ಆನೆ, ಹಂಸ, ಮೀನು, ನವಿಲು, ತುಳಸಿ ಬೃಂದಾವನ, ದೇವಸ್ಥಾನದ ಗೋಪುರ, ಕಳಶ. ಎಲ್ಲವೂ ತಿರುಗುಮುರುಗಾಗಿ, ತಗ್ಗಾಗಿ ಕೆತ್ತಿದವು. ಹಿಂದಿನ ರಾತ್ರಿಯೇ ಅವನ್ನು ನೀರಿನಲ್ಲಿ ಮುಳುಗಿಸಿಡಬೇಕು. ಹೊಟ್ಟೆ ತುಂಬ ನೀರು ಕುಡಿದ ಮರ ಪಾಕವನ್ನು ಹೀರಿಕೊಳ್ಳುವುದಿಲ್ಲ, ಅಚ್ಚು ಸಲೀಸಾಗಿ ಬಿಡುತ್ತದೆ.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಒಂದೆರಡು ಚಮಚ ಹಾಲು ಬಿಟ್ಟರೆ ಹಾಲು ಒಡೆದು ಕೊಳೆಯನ್ನೆಲ್ಲ ಅಪ್ಪಿಕೊಂಡು ಮೇಲೆ ಬರುತ್ತದೆ. ಅದನ್ನು ತೆಗೆದು, ಒದ್ದೆ ಮಲ್ಲು ಬಟ್ಟೆಯಲ್ಲಿ ಶೋಧಿಸಬೇಕು. ಹೀಗೆ ಎರಡು ಮೂರು ಸಲ. ಪಾಕ ಕನ್ನಡಿಯಷ್ಟು ತಿಳಿಯಾದ ಮೇಲೆ, ಒಂದು ಸಲಕ್ಕೆ ಒಂದೇ ಸೌಟಿನಷ್ಟನ್ನು ಹಿಡಿಯಿರುವ ಪುಟ್ಟ ಪಾತ್ರೆಗೆ ಹಾಕಿ ಕಾಯಿಸುವುದು. ಇಲ್ಲಿಂದ ಮಾತು ನಿಲ್ಲುತ್ತದೆ. ಗುಳ್ಳೆ ಮೊದಲು ದೊಡ್ಡದಾಗಿ, ಆಮೇಲೆ ಸಣ್ಣದಾಗಿ, ಒತ್ತೊತ್ತಾಗಿ ಏಳುತ್ತದೆ. ಅತ್ತೆ ಚಮಚದಿಂದ ಪಾತ್ರೆಯ ಅಂಚನ್ನು ಉಜ್ಜುತ್ತ ಬೇಗ ಬೇಗ ತಿರುವುತ್ತಾರೆ. ಆ ತಿರುವುವಿಕೆಯೇ ಪಾಕದಲ್ಲಿ ಹರಳಿಗೆ ಬೀಜ ಬಿತ್ತುವುದು. ಅಂಚಿನಲ್ಲಿ ಬೆಳ್ಳನೆಯ ಗೆರೆಯೊಂದು ಮೂಡುತ್ತದೆ. ಆ ಕ್ಷಣ ಹೊಯ್ಯಬೇಕು. ಮುಂಚೆ ಹೊಯ್ದರೆ ಅಂಟು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಬಿಳುಪಿಗೆಂದು ಕೆಲವರು ನಿಂಬೆರಸ ಹಾಕುತ್ತಾರೆ. ಎರಡು ಹನಿ ಸರಿ, ಹೆಚ್ಚಾದರೆ ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ, ಹರಳುಗಟ್ಟುವುದೇ ಇಲ್ಲ. ಅತ್ತೆ ಈ ಹೆಸರುಗಳನ್ನು ಕೇಳಿದವರಲ್ಲ. “ಹುಳಿ ಮುಂದಾದ್ರೆ ಅಚ್ಚು ಕೂರಲ್ಲ ಕಣೇ” ಎನ್ನುತ್ತಾರೆ. ಎರಡೂ ಒಂದೇ.

ಐದು ಹತ್ತು ನಿಮಿಷಕ್ಕೆ, ಹೋಳುಗಳನ್ನು ಬಿಗಿದಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ, ಅಚ್ಚನ್ನು ಮೆಲ್ಲಗೆ ತಟ್ಟಿ, ಮೇಲಿನ ಹೋಳು ಎತ್ತಿದಾಗ ಒಳಗೆ ಬಿಳೀ ಆನೆ ನಿಂತಿರುತ್ತದೆ. ಪ್ರತಿ ಸಲವೂ ಮಕ್ಕಳು “ಹೋ” ಎನ್ನುತ್ತಾರೆ. ನಾನೂ ಎನ್ನುತ್ತೇನೆ. ಅಂಚಿನಲ್ಲಿ ಉಳಿದ ಪುಕ್ಕವನ್ನು ಚಾಕುವಿನಿಂದ ಹೆರೆದು ಆನೆಯನ್ನು ಮೊರದಲ್ಲಿ ಸಾಲಾಗಿ ನಿಲ್ಲಿಸುವುದು, ಸೊಂಡಿಲು ಮುರಿದದ್ದನ್ನು ಪಕ್ಕಕ್ಕಿಡುವುದು. ಪಕ್ಕಕ್ಕಿಟ್ಟದ್ದು ಅಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ.

ಒಮ್ಮೆ ಮಗಳು ಕೇಳಿದಳು: “ಅಜ್ಜಿ, ಹೇಗೂ ತಿಂದುಬಿಡೋದೇ ಅಲ್ವಾ? ಸೊಂಡಿಲು ಯಾಕೆ?”

“ಸೊಂಡಿಲಿಲ್ಲದೆ ಅದನ್ನ ಆನೆ ಅಂತಾರೇನೇ ಪುಟ್ಟಿ?” ಅಂದರು ಅತ್ತೆ, ಮುಂದಿನ ಸೌಟು ಹೊಯ್ಯುತ್ತ.

ಆ ಉತ್ತರ ಅಂದಿನಿಂದ ನನ್ನ ಜೊತೆಗಿದೆ. ಸಿಹಿಗೆ ಬೇಕಾದದ್ದು ಸಕ್ಕರೆ ಮಾತ್ರ. ಅದು ಡಬ್ಬದಲ್ಲೇ ಇತ್ತು. ಅದನ್ನು ಕರಗಿಸಿ, ಶೋಧಿಸಿ, ಕುದಿಸಿ, ಹೊಯ್ದು, ಮತ್ತೆ ಸಕ್ಕರೆಯನ್ನೇ ಮಾಡಿದೆವು. ನಡುವೆ ಹೆಚ್ಚಾದದ್ದು ಒಂದು ಸೊಂಡಿಲು, ಹಂಸದ ಕೊರಳಿನ ಬಾಗು, ಗೋಪುರದ ಮೇಲಿನ ಪುಟ್ಟ ಕಳಶ. ಹೆಚ್ಚಾದ ಅಷ್ಟೇ ಅಷ್ಟಕ್ಕಾಗಿ ಒಬ್ಬ ಬಡಗಿ ಕೂತು ಮರವನ್ನು ಒಳಮುಖವಾಗಿ ಕೆತ್ತಿದ್ದಾನೆ, ನಾಲ್ಕು ತಲೆಮಾರಿನ ಹೆಂಗಸರು ಒಲೆಯ ಮುಂದೆ ಅಂಚಿನ ಬಿಳೀ ಗೆರೆಗಾಗಿ ಕಣ್ಣಿಟ್ಟು ನಿಂತಿದ್ದಾರೆ. ಮನೆಯ ಸುಖವೆಂದು ನಾನು ಯಾವುದನ್ನು ಕರೆಯುತ್ತೇನೋ ಅದರ ಬಹುಪಾಲು ಈ ಹೆಚ್ಚಾದದ್ದರಲ್ಲೇ ಇದೆ.

ಅತ್ತೆಯ ಅತ್ತೆಯ ಬಾಲ್ಯದಲ್ಲಿ ಸಕ್ಕರೆ ಬೀಗದ ಬೀರುವಿನಲ್ಲಿ ಇರುತ್ತಿದ್ದ ಪದಾರ್ಥವಂತೆ. ಬೆಲ್ಲವೇ ದಿನಬಳಕೆಯದು. ಕನ್ನಂಬಾಡಿಯ ನೀರು ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿದು ಕಬ್ಬು ಬೆಳೆದದ್ದು, ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನ ಸೇರಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು, ಇವೆಲ್ಲ ನಮ್ಮ ಕಡೆಯ ಅಡುಗೆಮನೆಗಳ ಚರಿತ್ರೆಯೂ ಹೌದು. ಸಕ್ಕರೆ ಬೀಗದೊಳಗಿದ್ದ ಆ ಕಾಲದಲ್ಲಿ ಒಂದು ಮನೆಗೆ ಒಂದೇ ಅಚ್ಚು ಕೊಡುತ್ತಿದ್ದರಂತೆ, ಅದನ್ನು ಒಡೆದು ಎಲ್ಲರೂ ಹಂಚಿಕೊಳ್ಳುತ್ತಿದ್ದರಂತೆ. ಅಷ್ಟು ಅಪರೂಪದ್ದನ್ನು ಸುಮ್ಮನೆ ಪುಡಿಯಾಗಿ ಕೊಡಲು ಅವರಿಗೆ ಮನಸ್ಸು ಬಾರದಿದ್ದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಪಕ್ಕದ ಮನೆಯ ಕಾಕು ಧಾರವಾಡದವರು. ಅವರ ಸಂಕ್ರಮಣಕ್ಕೆ ಸಕ್ಕರೆ ಅಚ್ಚಿಲ್ಲ, ಕುಸುರೆಳ್ಳು. ಅದನ್ನು ಮಾಡುವುದನ್ನು ನೋಡಿದ ಮೇಲೆ ನಮ್ಮ ಅತ್ತೆಯೇ “ನಮ್ಮದು ಸುಲಭ ಕಣಮ್ಮ” ಅಂದುಬಿಟ್ಟರು. ಚಳಿಯ ಬೆಳಗಿನ ಜಾವ, ಅಗಲದ ಹಿತ್ತಾಳೆ ಪರಾತದಲ್ಲಿ ಒಂದು ಹಿಡಿ ಎಳ್ಳು, ಕೆಳಗೆ ಇದ್ದೂ ಇಲ್ಲದ ಹಾಗೆ ಕೆಂಡ. ತೆಳು ಪಾಕವನ್ನು ಅರ್ಧ ಚಮಚ ಬಿಡುವುದು, ಬೆರಳ ತುದಿಯಿಂದ ಎಳ್ಳನ್ನು ಆಡಿಸುತ್ತಲೇ ಇರುವುದು, ಒಣಗಿದ ಮೇಲೆ ಇನ್ನರ್ಧ ಚಮಚ. ಹೀಗೆ ದಿನಗಟ್ಟಲೆ. ಪ್ರತಿಯೊಂದು ಎಳ್ಳಿನ ಮೇಲೂ ಪದರ ಪದರವಾಗಿ ಸಕ್ಕರೆ ಕೂತು, ಕೊನೆಗೆ ಸುತ್ತಲೂ ಮುಳ್ಳು ಎದ್ದು, ಕಾಳೊಂದು ಪುಟ್ಟ ಕದಂಬದ ಹೂವಿನ ಹಾಗೆ ಅರಳುತ್ತದೆ. ಗಾಳಿಯಲ್ಲಿ ತೇವವಿದ್ದರೆ ಮುಳ್ಳು ಏಳುವುದಿಲ್ಲ. ಅದಕ್ಕೇ ಮೈ ಕೊರೆಯುವ ಚಳಿಯಲ್ಲಿ ಕಿಟಕಿ ತೆಗೆದಿಟ್ಟುಕೊಂಡು ಕೂರುತ್ತಾರೆ. ನಾನು ಒಂದು ದಿನ ಅವರ ಪಕ್ಕದಲ್ಲಿ ಕೂತು ಕೈ ಹಾಕಿದೆ. “ಅವಸರ ಮಾಡಬ್ಯಾಡವಾ. ಬೆಂಕಿ ಸಣ್ಣಗ ಇರ್ಲಿ, ಬಟ್ಟು ಹಗೂರ ಆಡ್ಲಿ” ಅಂದರು. ಬೆರಳು ಹಗುರಾಗಿ ಆಡುವುದಕ್ಕೆ ಮನಸ್ಸೂ ಹಗುರಾಗಬೇಕಾಯಿತು. ಅವರ ಕಡೆ ಇದೇ ಕುಸುರೆಳ್ಳನ್ನು ಪೋಣಿಸಿ ಕೂಸುಗಳಿಗೆ, ಹೊಸ ಮದುಮಗಳಿಗೆ ಒಡವೆ ಮಾಡಿ ತೊಡಿಸುತ್ತಾರೆ. ಸಕ್ಕರೆಯ ಸರ, ಸಕ್ಕರೆಯ ಬಾಜುಬಂದಿ! ಸಂಜೆಗೆ ತೊಟ್ಟು ರಾತ್ರಿ ಬಿಚ್ಚುವ ಒಡವೆಗೆ ಅಷ್ಟು ದಿನದ ಬೆಳಗಿನ ಜಾವಗಳು.

ಇಂಥ ಕೆಲಸಗಳು ಹಬ್ಬಕ್ಕೇ ಕಾಯಬೇಕೆಂದೇನೂ ಇಲ್ಲ. ಅತ್ತೆಯ ಕೈಯಲ್ಲಿ ಸಂಜೆಯ ಹೊತ್ತು ಸದಾ ಒಂದು ಉಂಡೆ ಹತ್ತಿ ಇರುತ್ತದೆ. ಬೀಜ ಬಿಡಿಸಿ, ಎಳೆ ಎಳೆದು, ಹಾಲಿನ ತೇವದ ಬೆರಳಲ್ಲಿ ಅಲ್ಲಲ್ಲಿ ಹೊಸೆದು ಗೆಜ್ಜೆವಸ್ತ್ರ ಮಾಡುತ್ತಾರೆ. ಗೌರಿಗೆ ಬೇರೆ, ಗಣೇಶನಿಗೆ ಬೇರೆ. ದೊಡ್ಡಮ್ಮನ ಕೈಗೆ ಕೊಬ್ಬರಿ ಸಿಕ್ಕರೆ ಇನ್ನೊಂದು ಬಗೆ. ಸೀಮಂತಕ್ಕೋ ಮದುವೆಗೋ ಗಿಟುಕಿನ ಮೇಲೆ ಚೂಪು ಚಾಕುವಿನಿಂದ ಹೂಬಳ್ಳಿ, ನವಿಲು ಕೆತ್ತಿ, ನಸುಗೆಂಪು ಬಣ್ಣ ತೀಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕ್ರೋಶಾ ಕಡ್ಡಿ. ಎಳ್ಳು ಬೀರುವ ತಟ್ಟೆಗೆ ಹೊದಿಸಲು ನಾನು ಹೆಣೆದ ಬಿಳೀ ಮುಚ್ಚಟೆಯ ಅಂಚಿಗೆ ಒಂದೊಂದು ಗಾಜಿನ ಮಣಿ ಕಟ್ಟಿದ್ದೇನೆ. ಚೆಂದಕ್ಕೆಂದು ಎಲ್ಲರೂ ತಿಳಿಯುತ್ತಾರೆ, ಆದರೆ ಆ ಮಣಿಗಳ ಭಾರಕ್ಕೇ ಬೀದಿಯ ಗಾಳಿಯಲ್ಲಿ ಬಟ್ಟೆ ಹಾರದೆ ತಟ್ಟೆಯ ಮೇಲೆ ಕೂರುತ್ತದೆ. ಚೆಂದಕ್ಕೂ ಉಪಯೋಗಕ್ಕೂ ನಡುವೆ ಗೋಡೆ ಕಟ್ಟುವವರು ಇಂಥ ಹೆಣಿಗೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಹಬ್ಬದ ಸಂಜೆ ಎಳ್ಳು ಬೀರಲು ಹೊರಡುವ ಹೆಣ್ಣುಮಕ್ಕಳ ತಟ್ಟೆಯಲ್ಲಿ ಇವೆಲ್ಲ ಸೇರುತ್ತವೆ. ಎಳ್ಳಿನ ಪೊಟ್ಟಣ, ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ. ಹೊಸ ಲಂಗದ ಸರಭರ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ. ಇತ್ತ ಮನೆಯಲ್ಲಿ ಚಿಕ್ಕ ಕೂಸುಗಳನ್ನು ಮಣೆಯ ಮೇಲೆ ಕೂರಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ತಲೆಯ ಮೇಲಿಂದ ಎರೆದು ಆರತಿ ಎತ್ತುವುದು. ಬಿದ್ದದ್ದನ್ನು ಆಯಲು ದೊಡ್ಡ ಮಕ್ಕಳ ನೂಕುನುಗ್ಗಲು.

ಈಗ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬೆರೆಸಿದ ಎಳ್ಳು, ಬಣ್ಣದ ಅಚ್ಚು ಎಲ್ಲ ಪೊಟ್ಟಣದಲ್ಲೇ ಸಿಗುತ್ತದೆ. ಕೆಲಸಕ್ಕೆ ಹೋಗುವವರು ಕೊಳ್ಳಲಿ, ಅದರಲ್ಲಿ ತಪ್ಪೇನಿದೆ? ಅದನ್ನು ಮಾಡಿ ಮಾರುವವರೂ ಎಷ್ಟೋ ಸಲ ಮನೆಮನೆಯ ಹೆಂಗಸರೇ. ಅವರ ಕೈಗೂ ಇದೇ ನೈಪುಣ್ಯ ಬೇಕು. ಆದರೆ ಬಿಡುವಿರುವ ಮನೆಯವರು ಎಲ್ಲವನ್ನೂ ಕೊಂಡು ತಂದಾಗ ನನಗೆ ಸಂಕಟವಾಗುತ್ತದೆ. ಎಳ್ಳು ಸಿಕ್ಕೀತು, ಪಂಚೆಯ ಸುತ್ತ ಕೂತ ಆ ಮಧ್ಯಾಹ್ನಗಳು ಯಾವ ಅಂಗಡಿಯಲ್ಲೂ ಇಲ್ಲ. ಅಲ್ಲಿ ಕೈ ಕೆಲಸದಲ್ಲಿರುವುದರಿಂದ ಬಾಯಿ ನಿರಾಳವಾಗಿರುತ್ತದೆ. ಎದುರುಬದುರು ಕೂತು ಹೇಳಲಾಗದ ಎಷ್ಟೋ ಮಾತುಗಳನ್ನು ನಮ್ಮ ಮನೆಯ ಮಕ್ಕಳು ಕಡಲೆಬೀಜ ಒಡೆಯುತ್ತ ಹೇಳಿದ್ದಾರೆ.

ಹಬ್ಬ ಮುಗಿದ ಮರುದಿನದ ಸುಖ ಬೇರೆಯದೇ. ಬೇರೆ ಬೇರೆ ಮನೆಗಳಿಂದ ಬಂದ ಎಳ್ಳನ್ನು ಒಂದೇ ಡಬ್ಬಕ್ಕೆ ಸುರಿಯುವ ಮುನ್ನ ಅತ್ತೆ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಅರೆಮುಚ್ಚುತ್ತಾರೆ. “ಇದು ಮೂಲೆಮನೆಯವರದು, ಹುರಿಗಡಲೆ ಧಾರಾಳ. ಇದು ಡಾಕ್ಟರ ಮನೇದು, ಕೊಬ್ಬರಿ ಎಷ್ಟು ಸಣ್ಣಗೆ ಹೆಚ್ಚಿದಾಳೆ ನೋಡು, ಹುಡುಗಿ ಕಲಿತುಬಿಟ್ಲು.” ಆ ಹುಡುಗಿ ಹೋದ ವರ್ಷ ಮದುವೆಯಾಗಿ ಬಂದವಳು. ಈ ಮೆಚ್ಚುಗೆಯನ್ನು ಸಂಜೆಯೊಳಗೆ ಅವಳಿಗೆ ಮುಟ್ಟಿಸುವುದು ನನ್ನ ಕೆಲಸ. ಡಬ್ಬ ಮಾಘದವರೆಗೆ ಬಂದರೆ ಹೆಚ್ಚು. ಬಣ್ಣವಿಲ್ಲದ ಅಚ್ಚುಗಳು ಒಂದೊಂದಾಗಿ ಕಾಫಿಗೂ ಪಾಯಸಕ್ಕೂ ಬೀಳುತ್ತವೆ.

ಮರದ ಅಚ್ಚುಗಳನ್ನು ತೊಳೆದು ನೆರಳಲ್ಲಿ ಆರಿಸುವಾಗ ಈ ಸಲ ಮಗಳು ಮೀನಿನ ಅಚ್ಚನ್ನು ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ವರ್ಷದ ಪಾಕಕ್ಕೆ ರೆಕ್ಕೆಯ ಗೆರೆಗಳು ಸವೆದು ನುಣ್ಣಗಾಗಿವೆ. ಹೊಸದೊಂದು ಬೇಕೆಂದು ಅವಳ ಹಟ, ಅದೂ ಹುರುಪೆ ಹುರುಪೆಯಾಗಿ ಕಾಣುವ ಮೀನು. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದಾಳೆ, ಕಣ್ಣಿಗೆ ಎಷ್ಟು ದೊಡ್ಡ ಗುಂಡಿ ಬೇಕೆಂಬ ಅಳತೆಯ ಸಮೇತ. ಚಿತ್ರ ಹಿಡಿದುಕೊಂಡು ಮರಗೆಲಸದವರನ್ನು ಹುಡುಕಬೇಕು. ಆಷಾಢದೊಳಗೆ ಕೊಟ್ಟರೆ ಬಿಡುವಾಗಿ ಕೆತ್ತಿಯಾರು.