ದೇವರ ಜಾಗ ಯಾರ ಹೆಸರಿನಲ್ಲಿ?

"ದೇವರ ಕೆಲಸಕ್ಕೆ ಕಾಗದಪತ್ರ ಏಕೆ?" ಎಂಬ ಮಾತನ್ನು ಪುಣೆಯ ಕನ್ನಡ ಮನೆಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಆ ಮಾತಿನಲ್ಲಿ ಭಕ್ತಿಯಿದೆ, ಸಂದೇಹವಿಲ್ಲ. ಜೊತೆಗೆ ಸ್ವಲ್ಪ ಸೋಮಾರಿತನವೂ ಇದೆಯೆಂದರೆ ಹಿರಿಯರು ಕೋಪಿಸಿಕೊಳ್ಳಬಾರದು. ಊರು ಬಿಟ್ಟು ಬಂದ ನಾವು, ನಾಲ್ಕು ಮನೆ ಕೂಡಿದೊಡನೆ ಭಜನೆ ಆರಂಭಿಸುತ್ತೇವೆ. ಆಮೇಲೆ ದೇವರ ಪಟ ಇಡಲು ಜಾಗ ಹುಡುಕುತ್ತೇವೆ. ಆಮೇಲೆ ವರ್ಗಣಿ ಎತ್ತುತ್ತೇವೆ. ಖರೇದಿಯ ದಿನ ರಿಜಿಸ್ಟ್ರಾರರ ಕಚೇರಿಗೆ ಹೋಗಲು ಪುರುಸೊತ್ತಿರುವವರು ಮಾತ್ರ ಒಬ್ಬರೇ. ಖರೇದಿಪತ್ರವೂ ಅವರ ಹೆಸರಿಗೇ ಆಗಿಬಿಡುತ್ತದೆ.

ನಮಗೆ ತಿಳಿದ ಒಂದು ಭಜನಾ ಮಂಡಳಿಯಲ್ಲಿ ಹೀಗೆಯೇ ಆಯಿತು. ಹೆಸರು ಬೇಡ. ಜಾಗ ಕೊಂಡ ಹಿರಿಯರು ಸಜ್ಜನರು, ಮಂಡಳಿಯ ಒಂದು ಕಾಸನ್ನೂ ಮುಟ್ಟಿದವರಲ್ಲ. ಅವರಿರುವ ತನಕ ಯಾರಿಗೂ ಚಿಂತೆಯಿರಲಿಲ್ಲ. ಅವರು ತೀರಿಕೊಂಡ ಮೇಲೆ ಉತಾರದಲ್ಲಿ ಮಕ್ಕಳ ಹೆಸರು ಬಂತು. ಮಕ್ಕಳು ದೂರದ ಊರುಗಳಲ್ಲಿ ಇದ್ದವರು, ಅದು ತಂದೆಯ ಸ್ವಂತ ಗಳಿಕೆಯೆಂದೇ ನಂಬಿದವರು. ಅವರನ್ನು ಮೋಸಗಾರರೆನ್ನಲು ನಮಗೆ ಮನಸ್ಸಿಲ್ಲ; ಕಾಗದ ಅವರ ಕಡೆಗಿತ್ತು. ಮಂಡಳಿಯವರ ಕೈಯಲ್ಲಿದ್ದದ್ದು ಕೆಲವು ಹರಿದ ಪಾವತಿ ಪುಸ್ತಕಗಳು, ಮತ್ತು ಇಪ್ಪತ್ತು ವರ್ಷಗಳ ಶನಿವಾರದ ಭಜನೆಯ ನೆನಪು. ವಕೀಲರ ಮನೆಗೆ ಅಲೆದಾಟ ಮುಗಿಯುವಷ್ಟರಲ್ಲಿ ಒಂದೇ ಚಾಪೆಯ ಮೇಲೆ ಕೂತು ಹಾಡಿದ ಮನೆತನಗಳು ಮದುವೆ-ಮುಂಜಿಗೂ ಒಬ್ಬರನ್ನೊಬ್ಬರು ಕರೆಯದಾದವು. ಜಾಗ ಹೋದದ್ದಕ್ಕಿಂತ ಇದು ನಮಗೆ ಹೆಚ್ಚು ನೋವು ತಂದಿತು.

ಈ ರಾಜ್ಯದಲ್ಲಿ ಇದಕ್ಕೆ ದಾರಿಯಿಲ್ಲವೆಂದಲ್ಲ. 1950ರಲ್ಲಿ ಆದ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆ ಇಂದಿಗೂ ಇದೆ. ಹೆಸರಿನಲ್ಲಿ ಮುಂಬಯಿ ಹೋಗಿ ಮಹಾರಾಷ್ಟ್ರ ಬಂದಿದೆ, ಅಷ್ಟೆ. ದೇವಾಲಯ, ಮಠ, ಚರ್ಚು, ಯಹೂದಿಗಳ ಸಿನಗಾಗ್, ಪಾರಸಿಗಳ ಅಗ್ಯಾರಿ ಎಲ್ಲವನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಪೇಶ್ವೆಯವರು ಕೊಟ್ಟ ಜಾಗದಲ್ಲಿ 1792ರಲ್ಲಿ ಆರಂಭವಾದ ನಮ್ಮ ಸಿಟಿ ಚರ್ಚಿನಂಥ ಹಳೆಯ ಸಂಸ್ಥೆಯಿರಲಿ, ನಿನ್ನೆ ಹುಟ್ಟಿದ ಭಜನಾ ಮಂದಿರವಿರಲಿ, ಕಾಯಿದೆಗೆ ಭೇದವಿಲ್ಲ. ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ನೋಂದಣಿಯಾದರೆ ಆಸ್ತಿ ಸಂಸ್ಥೆಯದೆಂದು ದಾಖಲೆಯಲ್ಲಿ ಬರೆಯಲ್ಪಡುತ್ತದೆ. ಆ ಮೇಲೆ ಅವರ ಪೂರ್ವಾನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ. ಕಟ್ಟಡವನ್ನು 3 ವರ್ಷಕ್ಕೆ ಮೀರಿ, ಹೊಲವನ್ನು 10 ವರ್ಷಕ್ಕೆ ಮೀರಿ ಗುತ್ತಿಗೆ ಕೊಡುವಂತೆಯೂ ಇಲ್ಲ.

ಮರಾಠಿಯವರು ಟ್ರಸ್ಟಿಗೆ 'ವಿಶ್ವಸ್ತ' ಎನ್ನುತ್ತಾರೆ. ಒಳ್ಳೆಯ ಪದ. ಆದರೆ ಕಾಯಿದೆ ವಿಶ್ವಾಸವೊಂದನ್ನೇ ನಂಬಿ ಕೂತಿಲ್ಲ. ವಿಶ್ವಸ್ತರು ಬದಲಾದರೆ 90 ದಿನಗಳೊಳಗೆ ತಿಳಿಸಬೇಕೆನ್ನುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹೊಸಬರಿಗೆ ಹಾರ ಹಾಕಿ, ಚಹಾ ಕುಡಿದು, ಚಪ್ಪಾಳೆ ತಟ್ಟಿ ಏಳುತ್ತೇವೆ. ಕಚೇರಿಯ ದಾಖಲೆಯಲ್ಲಿ ಮಾತ್ರ ಹತ್ತು ವರ್ಷದ ಹಿಂದೆ ಸ್ವರ್ಗಸ್ಥರಾದವರು ಅಧಿಕಾರದಲ್ಲಿ ಮುಂದುವರಿಯುತ್ತಾರೆ!

"ಸರಕಾರ ಗುಡಿಯೊಳಗೆ ಕಾಲಿಟ್ಟರೆ?" ಎಂಬ ಅಂಜಿಕೆಯೂ ಇದೆ. ಅದು ಸುಳ್ಳು ಅಂಜಿಕೆಯಲ್ಲ. ಆದರೆ ಅದಕ್ಕೆ ಉತ್ತರ ದೊರಕಿಸಿದವರು ನಮ್ಮ ಉಡುಪಿಯವರೇ. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಸ್ವಾಮಿಗಳು ಮದರಾಸಿನ ಕಾಯಿದೆಯ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 1954ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆಯಿತು: ಪೂಜೆ-ಆಚರಣೆಗಳು ಸಂಪ್ರದಾಯದವರವು, ಆಸ್ತಿಯ ಆಡಳಿತ ಮಾತ್ರ ಕಾಯಿದೆಯ ಹತೋಟಿಗೆ ಒಳಪಟ್ಟದ್ದು. ಅದೇ ತಿಂಗಳಲ್ಲಿ ಮುಂಬಯಿಯ ಈ ಕಾಯಿದೆಯೂ ಅದೇ ಕೋರ್ಟಿನ ಮುಂದೆ ಬಂತು. ಕಾಯಿದೆ ಬಹುಮಟ್ಟಿಗೆ ಉಳಿಯಿತು. ಆಯುಕ್ತರನ್ನೇ ಧಾರ್ಮಿಕ ಸಂಸ್ಥೆಯ ವಿಶ್ವಸ್ತರನ್ನಾಗಿ ಕೂಡಿಸುವ ಕಲಮು ಬಿದ್ದುಹೋಯಿತು. ಲೆಕ್ಕ ಕೇಳುವುದು ಬೇರೆ, ಪೀಠ ಏರುವುದು ಬೇರೆ ಎಂದಾಯಿತು.

ಆಸ್ತಿಯಿಲ್ಲದ ಮಂಡಳಿಗೂ ಹೊಣೆ ತಪ್ಪದು. ಗಣೇಶೋತ್ಸವಕ್ಕೆ ಹಣ ಎತ್ತುವ ಮುನ್ನ ಅದೇ ಕಚೇರಿಯ ಅನುಮತಿ ಬೇಕು. ಜನ ಸೇರಿದಲ್ಲಿ ಪ್ರಾಣದ ಪ್ರಶ್ನೆಯೂ ಇದೆ. ವಾಯಿಯ ಹತ್ತಿರದ ಮಾಂಢರದೇವಿಯ ಜಾತ್ರೆಯಲ್ಲಿ 2005ರ ಜನವರಿಯಲ್ಲಿ, ತೆಂಗಿನಕಾಯಿಯ ನೀರಿನಿಂದ ಜಾರುತ್ತಿದ್ದ ಮೆಟ್ಟಿಲುಗಳ ಇಕ್ಕಟ್ಟಿನಲ್ಲಿ ಸುಮಾರು ಮುನ್ನೂರು ಜನ ಸತ್ತರು. ನಮ್ಮ ಚಿಕ್ಕ ಮಂದಿರದ ಒಂದೇ ಬಾಗಿಲು, ಅದರ ಪಕ್ಕದಲ್ಲೇ ಪ್ರಸಾದ ಬೇಯಿಸುವ ಗ್ಯಾಸು ಒಲೆ: ಇದನ್ನೂ ಒಮ್ಮೆ ನೋಡಿಕೊಳ್ಳುವುದು ಒಳಿತು.

ನಮ್ಮ ಬಡಾವಣೆಯ ಮಂಡಳಿಗೆ ಖಜಾಂಚಿಯಾಗಿರುವವರು ಧಾರವಾಡದ ಕಡೆಯ ಒಬ್ಬ ಅಜ್ಜಿ. ಆರತಿ ತಟ್ಟೆಯ ಚಿಲ್ಲರೆಯನ್ನೂ ಇಬ್ಬರು ಕೂತು ಎಣಿಸದೆ ಅವರು ಪೆಟ್ಟಿಗೆಗೆ ಹಾಕಗೊಡುವುದಿಲ್ಲ. ಮೊದಮೊದಲು ಕೆಲವರಿಗೆ ಅದು ಅಪಮಾನವೆನಿಸಿತ್ತು. "ನಿಮ್ಮ ಮ್ಯಾಲಲ್ಲಪ್ಪಾ, ನಾಳೆ ನನ್ನ ಮ್ಯಾಲೆ ಮಾತು ಬರಬಾರದು, ಅದಕ್ಕ" ಎಂದರು ಅಜ್ಜಿ. ಈಗ ಶನಿವಾರ ಬಂತೆಂದರೆ ನಾಣ್ಯ ಎಣಿಸುವ ಸರದಿ ಯಾರದೆಂದು ಹುಡುಗರಲ್ಲಿ ಜಗಳ.