ಉಗುರು ಹೇಳುವ ಸುದ್ದಿ

ಉಗುರಿನ ಮೇಲೂ ಒಂದು ಪ್ರಬಂಧವೇ ಎಂದು ಕೆಲವರು ಮೂಗು ಮುರಿಯಬಹುದು. ಮುಂಬಯಿಯಲ್ಲಿ ಬರೆಯುವುದಕ್ಕೆ ವಿಷಯಗಳ ಬರಗಾಲವೇನೂ ಇಲ್ಲ. ಆದರೆ ಲೋಕಲ್ ಗಾಡಿಯ ಹೆಂಗಸರ ಡಬ್ಬಿಯಲ್ಲಿ, ತಲೆಯ ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಗಳನ್ನು ನೋಡುತ್ತ ನಿಂತರೆ, ಮುಲುಂದಿನಿಂದ ದಾದರಿಗೆ ಬರುವಷ್ಟರಲ್ಲಿ ಹತ್ತು ಸಂಸಾರಗಳ ಕಥೆ ತಿಳಿಯುತ್ತದೆ. ಒಬ್ಬಾಕೆಯ ಉಗುರಿಗೆ ಅರಸಿನದ ಹಳದಿ. ಇನ್ನೊಬ್ಬಾಕೆಯ ಬೆರಳು ಸಾಬೂನಿನ ನೀರಿಗೆ ಸುಕ್ಕಾದದ್ದು. ಮತ್ತೊಬ್ಬಾಕೆಯ ಉಗುರಿನಲ್ಲಿ ಮದರಂಗಿ ಬುಡ ಬಿಟ್ಟು ಅರ್ಧದವರೆಗೆ ಮೇಲೆ ಸರಿದಿದೆ. ಮದುವೆಯಾಗಿ ಎರಡು ತಿಂಗಳಾಯಿತೆಂದು ಲೆಕ್ಕ!

ಈ ಲೆಕ್ಕ ಬರಿಯ ತಮಾಷೆಯಲ್ಲ. ಉಗುರು ನಿರ್ಜೀವ ವಸ್ತು, ಕತ್ತರಿಸಿದರೆ ನೋಯದು. ಆದರೆ ಅದು ಹುಟ್ಟುವ ಬುಡ ಜೀವಂತವಾದದ್ದು, ಮೈಯ ಸುಖದುಃಖಗಳಲ್ಲಿ ಪಾಲುಗೊಳ್ಳುವಂಥದು. ಕೈಯುಗುರು ತಿಂಗಳಿಗೆ ಸುಮಾರು ೩ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬುಡದಿಂದ ತುದಿಗೆ ಬರಲು ೬ ತಿಂಗಳು ಹಿಡಿಯುತ್ತದೆ. ಕಾಲಿನದಕ್ಕೆ ವರ್ಷ, ಒಂದೂವರೆ ವರ್ಷ. ಹೀಗಾಗಿ ಒಂದೊಂದು ಬೆರಳ ತುದಿಯಲ್ಲಿಯೂ ಅರ್ಧ ವರ್ಷದ ದಿನಚರಿ ಇದೆ ಎನ್ನಬಹುದು. ಜೋರಾದ ಜ್ವರವೋ ದೊಡ್ಡ ಕಾಯಿಲೆಯೋ ಬಂದು ಹೋದರೆ ಉಗುರಿನ ಬೆಳವಣಿಗೆ ಕೆಲದಿನ ನಿಂತು, ಅಡ್ಡಕ್ಕೆ ಒಂದು ಗೀರು ಬೀಳುತ್ತದೆ. ಫ್ರಾನ್ಸಿನ ವೈದ್ಯ ಬೋ ಎಂಬಾತ ೧೮೪೬ರಲ್ಲಿ ಇದನ್ನು ವರ್ಣಿಸಿದ. ಇಂದಿಗೂ ಆ ಗೀರಿಗೆ ಅವನದೇ ಹೆಸರು. ೨೦೨೦ರ ಅನಂತರ ಕೋವಿಡ್ ಬಂದು ಗುಣವಾದ ಕೆಲವರ ಉಗುರುಗಳಲ್ಲಿಯೂ ಇದು ಕಾಣಿಸಿಕೊಂಡಿತು.

ಆದರೆ ಈ ದಿನಚರಿಯನ್ನು ಓದುವವರು ಯಾರು? ಊರಿನಲ್ಲಿ ಹಿಂದೆ ಕ್ಷೌರಕ್ಕೆ ಬರುತ್ತಿದ್ದವನೇ ಉಗುರನ್ನೂ ತೆಗೆದು, ಬೆರಳು ಊದಿದ್ದರೆ ಒಂದು ಮಾತು ಹೇಳಿ ಹೋಗುತ್ತಿದ್ದ. ಈ ಊರಿನಲ್ಲಿ ಗಂಡನಿಗೆ ೮.೧೦ರ ಗಾಡಿ, ಮಕ್ಕಳಿಗೆ ಶಾಲೆ, ಡಾಕ್ಟರಿಗೆ ಹೊರಗೆ ಕಾದಿರುವ ರೋಗಿಗಳ ಸಾಲು. ಗೃಹಿಣಿಯೊಬ್ಬಳ ಕೈಯನ್ನು ಅರ್ಧ ಗಂಟೆ ತನ್ನ ಕೈಯಲ್ಲಿ ಹಿಡಿದು, ಒಳ್ಳೆಯ ದೀಪದ ಕೆಳಗೆ ನೋಡುವ ವ್ಯಕ್ತಿ ಒಬ್ಬಳೇ: ಬ್ಯೂಟಿ ಪಾರ್ಲರಿನ ಹುಡುಗಿ.

ಡೊಂಬಿವಲಿಯಲ್ಲಿ ನನ್ನ ಅಣ್ಣನ ಮನೆಯ ಕೆಳಗೆ ಅಂಥದೊಂದು ಪುಟ್ಟ ಪಾರ್ಲರು ಇದೆ. ಅಲ್ಲಿ ಉಗುರಿನ ಕೆಲಸ ಮಾಡುವವಳು ಅಕ್ಕಲಕೋಟೆಯ ಕಡೆಯ ಹುಡುಗಿ. ಶಾಲೆ ಕಲಿತದ್ದು ಮರಾಠಿಯಲ್ಲಿ, ಮನೆಮಾತು ಕನ್ನಡ. ಹೋದ ವರ್ಷ ಅಣ್ಣನ ಮಗಳ ಮದುವೆ ಗೊತ್ತಾದಾಗ ಅತ್ತಿಗೆ, ಜನ್ಮದಲ್ಲಿ ಮೊದಲ ಬಾರಿಗೆ, ಉಗುರಿಗೆ ಬಣ್ಣ ಹಾಕಿಸಿಕೊಳ್ಳಲು ಅಲ್ಲಿಗೆ ಹೋದರು. ಹುಡುಗಿ ಕೈ ತೊಳೆದು, ಒರೆಸಿ, ಬಹಳ ಹೊತ್ತು ನೋಡಿದಳಂತೆ. ಉಗುರುಗಳು ಬೆಳ್ಳಗೆ ತೆಳ್ಳಗಾಗಿ, ನಡುವೆ ಚಮಚದಂತೆ ಗುಳಿ ಬಿದ್ದಿದ್ದವು. ಒಂದು ಹನಿ ನೀರು ಬಿಟ್ಟರೆ ನಿಲ್ಲುವಷ್ಟು ಗುಳಿ.

“ಅಕ್ಕಾರ, ಬಣ್ಣ ಆಮ್ಯಾಲ ಹಚ್ಚೋಣಂತ. ಮೊದಲ ರಕ್ತ ತಪಾಸ ಮಾಡಿಸಿಕೊಂಡ ಬರ್ರಿ” ಎಂದಳು.

ಅತ್ತಿಗೆಗೆ ಸಿಟ್ಟು ಬಂತು. “ಬಣ್ಣ ಹಚ್ಚು ಅಂದರೆ ರೋಗ ಹಚ್ಚುತ್ತಾಳೆ!” ಎಂದು ಗೊಣಗುತ್ತ ಮನೆಗೆ ಬಂದರು. ಆದರೂ ಮಗಳ ಒತ್ತಾಯಕ್ಕೆ ಪರೀಕ್ಷೆಯಾಯಿತು. ಹೆಂಗಸರಿಗೆ ಕಡೆಯ ಪಕ್ಷ ೧೨ ಇರಬೇಕಾದ ಹಿಮೋಗ್ಲೋಬಿನ್ ೮ಕ್ಕಿಂತ ಕೆಳಗಿತ್ತು. ಎರಡು ವರ್ಷದಿಂದ ತಿಂಗಳ ಸ್ರಾವ ಹೆಚ್ಚಾಗಿದ್ದುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮಹಡಿ ಹತ್ತುವಾಗ ಏದುಸಿರು ಬಂದರೆ “ವಯಸ್ಸಾಯಿತಲ್ಲ” ಎಂದು ನಕ್ಕುಬಿಡುತ್ತಿದ್ದರು. ಗರ್ಭಕೋಶದಲ್ಲಿ ಗಡ್ಡೆ ಇತ್ತು; ಪುಣ್ಯಕ್ಕೆ ಕೆಟ್ಟ ಜಾತಿಯದಲ್ಲ. ಮದುವೆಯ ಓಡಾಟದಲ್ಲಿ ಎಲ್ಲಿ ಕುಸಿದುಬೀಳುತ್ತಿದ್ದರೋ ದೇವರೇ ಬಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮಲ್ಲಿದೆ. ಅತ್ತಿಗೆಯ ಪಾಲಿಗೆ ಅದು ಅಕ್ಷರಶಃ ನಿಜವಾಯಿತು.

ಇದು ಅವರೊಬ್ಬರ ಕಥೆಯೂ ಅಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ನೂರು ಸ್ತ್ರೀಯರಲ್ಲಿ ೫೭ ಮಂದಿಗೆ ರಕ್ತಹೀನತೆ. ಅವರೆಲ್ಲರ ಉಗುರೂ ಹೀಗೆ ಗುಳಿ ಬೀಳುವುದಿಲ್ಲ. ಬಿದ್ದರೆ ಕೊರತೆ ಬಹುಕಾಲದ್ದೆಂದು ತಿಳಿಯಬೇಕು.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ನಾನು ಆ ಹುಡುಗಿಯನ್ನು ಕೇಳಿದೆ. “ಪುಸ್ತಕದಾಗ ಅಲ್ಲರಿ. ನಮ್ಮವ್ವನ ಉಗುರೂ ಹಿಂಗ ಆಗಿದ್ದುವು. ಆಕಿಗೆ ಯಾರೂ ಹೇಳಲಿಲ್ಲ” ಎಂದಳು. ಮುಂದೆ ನಾನು ಕೇಳಲಿಲ್ಲ.

ಅವಳು ತಾನು ವೈದ್ಯಳೆಂದು ನಟಿಸುವವಳಲ್ಲ. ರೋಗದ ಹೆಸರು ಹೇಳುವುದಿಲ್ಲ, ಔಷಧ ಹೇಳುವುದಿಲ್ಲ. ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಡಾಕ್ಟರಿಗೆ ತೋರಿಸಬೇಕು ಎಂಬಷ್ಟು ವಿವೇಕ ಅವಳಿಗಿದೆ. ಉಗುರಿನ ಬಿಳಿ ಚುಕ್ಕೆ ಸುಣ್ಣಾಂಶದ ಕೊರತೆಯೆಂದು ನಾವೆಲ್ಲ ನಂಬಿದ್ದೇವೆ. ಸಾಮಾನ್ಯವಾಗಿ ಅದು ಎಂದೋ ತಗಲಿದ ಸಣ್ಣ ಪೆಟ್ಟಿನ ಗುರುತು. ಉದ್ದನೆಯ ಗೆರೆಗಳು ನರೆಗೂದಲಿನಂತೆ ವಯಸ್ಸಿನೊಡನೆ ಬರುವಂಥವು. ದಪ್ಪಗಾಗಿ ಹಳದಿ ತಿರುಗಿ ಪುಡಿಪುಡಿಯಾಗುವುದು ಹೆಚ್ಚಾಗಿ ಬೂಷ್ಟಿನ ಕೆಲಸ. ಅಂಥವರಿಗೆ ಬಳಸಿದ ಅರವನ್ನು ಅವಳು ಇನ್ನೊಬ್ಬರಿಗೆ ಮುಟ್ಟಿಸುವುದಿಲ್ಲ. ಅಂಟಿಸಿದ ಕೃತಕ ಉಗುರಿನ ಕೆಳಗೆ ಹಸಿರು ಕಲೆ ಕಂಡರೆ ಅಲ್ಲಿ ತೇವ ಸೇರಿ ಕ್ರಿಮಿ ಬೆಳೆದಿದೆ ಎಂದರ್ಥ. ಅದರ ಮೇಲೆ ಮತ್ತೆ ಬಣ್ಣ ಬಳಿಯಬಾರದು, ತೆಗೆದುಹಾಕಬೇಕು.

ಕಪ್ಪು ಗೆರೆಯ ವಿಷಯ ಬೇರೆ. ನಮ್ಮಂಥ ಕಂದು ಮೈಬಣ್ಣದವರಿಗೆ ನಾಲ್ಕಾರು ಉಗುರುಗಳಲ್ಲಿ ಅಂಥ ಗೆರೆ ಇರುವುದು ಸಹಜ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಕಾಣಿಸಿ, ಅಗಲವಾಗುತ್ತ, ಬುಡದ ಚರ್ಮಕ್ಕೂ ಹಬ್ಬಿದರೆ ತಡಮಾಡದೆ ಚರ್ಮವೈದ್ಯರ ಬಳಿಗೆ ಹೋಗಬೇಕು. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ೧೯೮೧ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿಯಲ್ಲಿ ತೊಡಗಿದ ಕ್ಯಾನ್ಸರಿನಿಂದ.

ನಮ್ಮವರಿಗೆ ಹೆಚ್ಚು ಪರಿಚಯದ್ದು ಉಗುರುಸುತ್ತು. ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಅವರನ್ನು ಕೇಳಿ ನೋಡಿ. ನಿಂಬೆಹಣ್ಣನ್ನು ಕೊರೆದು ಬೆರಳಿಗೆ ಟೋಪಿಯಂತೆ ಸಿಕ್ಕಿಸಿಕೊಂಡು ಮಲಗಿದ ರಾತ್ರಿಗಳ ನೆನಪು ಇದ್ದೇ ಇರುತ್ತದೆ. ಉಗುರಿನ ಬುಡದಲ್ಲಿರುವ ತೆಳು ಪೊರೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಹಾಗೆ, ಒಳಕ್ಕೆ ನೀರು ಹೋಗದಂತೆ ಕಾಯುತ್ತದೆ. ದಿನವಿಡೀ ನೀರಿನಲ್ಲಿದ್ದರೆ ಅದು ಕಳಚುತ್ತದೆ, ಕ್ರಿಮಿಗಳು ಒಳಗೆ ನುಗ್ಗುತ್ತವೆ. ಅಂದಕ್ಕಾಗಿ ಆ ಪೊರೆಯನ್ನು ಕತ್ತರಿಸಿ ತೆಗೆಯಿರಿ ಎನ್ನುವ ಹೆಂಗಸರಿಗೂ ನಮ್ಮ ಹುಡುಗಿ “ಬ್ಯಾಡರಿ” ಎಂದೇ ಹೇಳುತ್ತಾಳೆ. ಅವಳ ಕೈಗಳಾದರೂ ಹೇಗಿವೆ? ಬಣ್ಣ ಅಳಿಸುವ ಅಸಿಟೋನಿಗೆ ಬೆರಳುಗಳು ಒಣಗಿ ಬಿರಿದಿವೆ. ಹತ್ತು ಉಗುರಿಗೂ ಬಣ್ಣವಿಲ್ಲ.

ಬಣ್ಣ ಬೇಡವೆಂದು ನಾನು ಹೇಳುತ್ತಿಲ್ಲ. ಅಲಂಕಾರ ಹೆಣ್ಣಿನ ಹಕ್ಕು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಯವರೂ ಬಣ್ಣ ತೆಗೆಸುತ್ತಾರಲ್ಲವೆ? ನಡುವೆ ಕೆಲವು ದಿನ ಉಗುರು ಬರಿದಾಗಿರಲಿ. ಪಾರ್ಲರಿನ ಹುಡುಗಿ ಅಳುಕುತ್ತ ಒಂದು ಮಾತು ಹೇಳಿದರೆ ಮುನಿಸಿಕೊಳ್ಳಬೇಡಿ. ಗಿರಾಕಿ ಹೋದರೂ ಹೋಗಲಿ ಎಂದು ಧೈರ್ಯಮಾಡಿ ಆಡಿದ ಮಾತು ಅದು.

ಬರುವ ಭಾನುವಾರ, ಕಾಫಿಯಾದ ಮೇಲೆ, ಕಿಟಕಿಯ ಬೆಳಕಿನಲ್ಲಿ ಮನೆಮಂದಿಯ ಕೈಗಳನ್ನು ಒಮ್ಮೆ ನೋಡಿ. ಅಡುಗೆಮನೆಯಿಂದ ಕಡೆಯಲ್ಲಿ ಹೊರಬರುವವರ ಕೈಯನ್ನು ಮೊದಲು ನೋಡಿ. ಪಾತ್ರೆ ತಿಕ್ಕಲು ಬರುವ ಬಾಯಿಯ ಕೈಯನ್ನೂ ಮರೆಯಬೇಡಿ.