ಕೊಳವೆಯ ಸದ್ದು, ಸುರಂಗದ ಸುದ್ದಿ

ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಎಣ್ಮಕಜೆ ಪರಿಸರದ ಅಡಿಕೆ ತೋಟಗಳ ನಡುವೆ ಸಾಗುವವರಿಗೆ ಗುಡ್ಡದ ಬುಡದಲ್ಲಿ ಒಬ್ಬ ಮನುಷ್ಯ ಹೊಗಬಹುದಾದಷ್ಟೇ ಕಿರಿದಾದ ಕಂಡಿಗಳು ಅಲ್ಲಲ್ಲಿ ಗೋಚರಿಸುತ್ತವೆ. ಇವೇ ಈ ನಾಡಿನ ನೀರಿನ ಸುರಂಗಗಳು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ಒಳಗಿನ ಒಸರನ್ನು ಹೊರಕ್ಕೆ ಹರಿಸುವ ಈ ವ್ಯವಸ್ಥೆಗೆ ಪಂಪು ಬೇಡ, ವಿದ್ಯುತ್ತು ಬೇಡ. ಇದರ ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರ್.

ಹಿಂದೆ ಈ ನೀರು ಅಡಿಕೆ ಮರದ ದಂಬೆಯಲ್ಲಿ ಮನೆಯಂಗಳಕ್ಕೆ ಬರುತ್ತಿತ್ತು. ಇಂದು ತೊಟ್ಟಿಯಲ್ಲಿ ತಂಗಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಇಳಿದು ಅಡುಗೆಮನೆಯ ನಲ್ಲಿಗೆ ತಲುಪುತ್ತದೆ. ದಂಬೆಯ ನೀರು ಕಣ್ಣಿಗೆ ಕಾಣುತ್ತಿತ್ತು. ಕೊಳವೆಯ ನೀರು ಕಿವಿಗೆ ಮಾತ್ರ ದಕ್ಕುತ್ತದೆ. ಆದುದರಿಂದಲೇ ಅದರ ಸದ್ದನ್ನು ಅರಿಯುವುದು ಅಗತ್ಯ.

ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಗೋಡೆಯಲ್ಲಿ ಸುತ್ತಿಗೆಯ ಪೆಟ್ಟಿನಂತಹ ಸದ್ದಾದರೆ ಹೆದರಬೇಕಾಗಿಲ್ಲ. ವೇಗದಿಂದ ಬರುತ್ತಿದ್ದ ನೀರು ಒಮ್ಮೆಲೇ ನಿಂತು, ಆ ವೇಗ ಒತ್ತಡವಾಗಿ ಕೊಳವೆಯನ್ನು ಅಲುಗಿಸುತ್ತದೆ. ನಲ್ಲಿಯನ್ನು ಮೆಲ್ಲನೆ ತಿರುಗಿಸಿ, ಸಡಿಲಾದ ಕೊಳವೆಯನ್ನು ಬಿಗಿದರೆ ಸಾಕು. ಬಿಸಿಲೇರುವಾಗ ಕೇಳುವ ಟಿಕ್ ಟಿಕ್ ಸದ್ದು ಕೊಳವೆ ಹಿಗ್ಗುವುದರಿಂದ ಬರುವಂಥದು. ನೀರು ಉಗುಳುತ್ತಾ, ಬುಸುಗುಡುತ್ತಾ ಬಂದರೆ ಹಾದಿಯ ದಿಬ್ಬವೊಂದರಲ್ಲಿ ಗಾಳಿ ಸಿಲುಕಿದೆಯೆಂದು ಅರ್ಥ. ಅಲ್ಲಿನ ಜೋಡಣೆಯನ್ನು ಸಡಿಲಿಸಿ ಗಾಳಿಯನ್ನು ಹೊರಬಿಡಬೇಕು. ಚಳಿ ದೇಶಗಳ ಮನೆಗಳಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಬಿಸಿನೀರು ಹರಿಯುವ ಕೊಳವೆಗಳಿರುತ್ತವೆ. ಅವು ಗುಳುಗುಳು ಎಂದಾಗಲೂ ಮಾಡುವುದು ಇದನ್ನೇ: ಪುಟ್ಟ ತಿರುಪು ತೆರೆದು ಗಾಳಿ ಬಿಡುವುದು.

ಆದರೆ ಬೇಸಗೆಯಲ್ಲಿ ಎಲ್ಲ ನಲ್ಲಿಗಳೂ ಒಟ್ಟಿಗೆ ಗೊರಗೊರ ಎನ್ನತೊಡಗಿದರೆ ಅದು ಬೇರೆಯೇ ಸುದ್ದಿ. ತೊಟ್ಟಿಯ ನೀರು ತಗ್ಗಿ, ಕೊಳವೆಯ ಬಾಯಿ ಗಾಳಿಯನ್ನು ಕುಡಿಯುತ್ತಿದೆ. ಆಗ ಅಂಗಡಿಗೆ ಓಡಿ ಹೊಸ ಕೊಳವೆ ತರುವುದಕ್ಕೆ ಮೊದಲು ಗುಡ್ಡ ಹತ್ತಬೇಕು. ಸುರಂಗದ ಬಾಯಲ್ಲಿ ಕೊಡವಿಟ್ಟು ಅದು ತುಂಬಲು ಎಷ್ಟು ಹೊತ್ತು ಬೇಕೆಂದು ಎಣಿಸಬೇಕು. ಹರಿವು ಎಂದಿನಂತಿದ್ದರೆ ದೋಷ ಕೆಳಗಿದೆ: ಎಲ್ಲೋ ಸೋರಿಕೆ, ಇಲ್ಲವೇ ಬಾಯಿಗೆ ಅಡ್ಡವಾದ ತರಗೆಲೆ. ಹರಿವು ಕುಗ್ಗಿದ್ದರೆ ಒಳಗೆ ಮಣ್ಣು ಕುಸಿದು ಕಟ್ಟದಂತೆ ನಿಂತಿರಬಹುದು, ಅಥವಾ ಒಸರೇ ಬತ್ತುತ್ತಿರಬಹುದು. ಒಳಗೆ ಇಳಿಯುವುದು ಅನುಭವಿಗಳ ಕೆಲಸ, ಮಕ್ಕಳದಲ್ಲ. ನುರಿತವರೂ ದೀಪ ಹಿಡಿದೇ ಹೋಗುತ್ತಾರೆ. ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹಿಂದಿರುಗುತ್ತಾರೆ.

ಗಡಿಯಾಚೆ ಅಡ್ಯನಡ್ಕದ ಸಮೀಪ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ಕೊರೆದು ಬೋಳು ಗುಡ್ಡವನ್ನು ತೋಟವಾಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಮೊದಮೊದಲ ಸುರಂಗಗಳಲ್ಲಿ ನೀರೇ ಸಿಗಲಿಲ್ಲ. ಅಷ್ಟು ಬೆವರಿನ ಬೆಲೆಯುಳ್ಳ ನೀರು ಬತ್ತುವ ಮುನ್ನ ಮನೆಯವರಿಗೆ ಸೂಚನೆ ಕೊಡುತ್ತದೆ. ಗುಡ್ಡದ ನೆತ್ತಿಯಲ್ಲಿ ಮರಗಳನ್ನು ಉಳಿಸಿ, ಮಳೆನೀರನ್ನು ಇಂಗಿಸಲು ಆಗಲೂ ಕಾಲ ಮಿಂಚಿರುವುದಿಲ್ಲ. ಕೊಳವೆ ಸಂಪೂರ್ಣ ಮೌನವಾದ ಮೇಲೆ ಆ ಅವಕಾಶವೂ ಉಳಿಯದು.